‘ಹೋಯ್ ಫುಟ್ ತಿನ್ ಹುಂಗ್’: ಒಂದು ಕ್ಯಾಂಟನೀಸ್ ರಾಕ್ ಹಾಡು ಸ್ವಾತಂತ್ರ್ಯಗೀತೆಯಾದ ಬಗೆ

ಹಾಂಗ್‌ಕಾಂಗ್‌ನ ರಾಕ್ ತಂಡ ಬಿಯಾಂಡ್ 1993ರ ಮೇ ತಿಂಗಳಲ್ಲಿ ಹೊರತಂದ ‘ಹೋಯ್ ಫುಟ್ ತಿನ್ ಹುಂಗ್’ ಕ್ಯಾಂಟನೀಸ್ ಜನಪ್ರಿಯ ಸಂಗೀತದ ಅತ್ಯಂತ ಪರಿಚಿತ ಹಾಡುಗಳಲ್ಲಿ ಒಂದು. ಹೆಸರಿನ ಅರ್ಥ ವಿಶಾಲ ಕಡಲು, ತೆರೆದ ಬಾನು. ಸಾಹಿತ್ಯ, ರಾಗ ಎರಡೂ ತಂಡದ ಮುಖ್ಯ ಗಾಯಕ ವಾಂಗ್ ಕಾ-ಕುಯಿ ಅವರವು. ಐದು ನಿಮಿಷ ಮೀರುವ ಈ ಹಾಡಿನಲ್ಲಿ ಯಾವ ಸರ್ಕಾರದ ಹೆಸರೂ ಇಲ್ಲ, ಊರಿನ ಹೆಸರೂ ಇಲ್ಲ, ಬೇಡಿಕೆಯೂ ಇಲ್ಲ. ಚಳಿಯ ಇರುಳು, ಹಿಮ, ದೂರ ನಡೆದು ಬಂದ ದಾರಿ, ಲೇವಡಿ ಮಾಡಿದ ಜನ, ಆದರೂ ಕೈಬಿಡದ ಆದರ್ಶ ಇವಿಷ್ಟೇ ಅದರ ವಸ್ತು. ಪಲ್ಲವಿಯಲ್ಲಿ ‘ಸ್ವಾತಂತ್ರ್ಯ’ ಎಂಬ ಪದ ಬರುತ್ತದೆ, ಅದೂ ಕ್ಷಮೆ ಕೇಳುವ ಧಾಟಿಯಲ್ಲಿ. ಹತ್ತು ವರ್ಷ ತುಂಬಿದ ತಂಡವೊಂದು ತನ್ನ ಬದುಕಿನ ಬಗ್ಗೆ ಹೇಳಿಕೊಂಡ ಮಾತು ಅದು.

2014ರ ಶರತ್ಕಾಲದಲ್ಲಿ ಇದೇ ಹಾಡನ್ನು ಹಾಂಗ್‌ಕಾಂಗ್‌ನ ಹೆದ್ದಾರಿಗಳ ಮೇಲೆ ಕುಳಿತ ಸಾವಿರಾರು ಜನ ಒಕ್ಕೊರಲಿನಿಂದ ಹಾಡಿದರು. ಅವರಲ್ಲಿ ಬಹಳಷ್ಟು ಮಂದಿ ಹಾಡು ಹೊರಬಂದಾಗ ಹುಟ್ಟಿರಲೇ ಇಲ್ಲ. ಕಲಾವಿದನೊಬ್ಬನ ಆತ್ಮನಿವೇದನೆ ನಗರವೊಂದರ ಸ್ವಾತಂತ್ರ್ಯಗೀತೆಯಾದದ್ದು ಹೇಗೆ ಎಂಬ ಪ್ರಶ್ನೆಗೆ ಸಾಹಿತ್ಯ ವಿಮರ್ಶಕರು, ಭಾಷಾವಿಜ್ಞಾನಿಗಳು, ಸಮಾಜಶಾಸ್ತ್ರಜ್ಞರು ಬೇರೆ ಬೇರೆ ಉತ್ತರ ಕೊಡುತ್ತಾರೆ.

ಕ್ಯಾಂಟನೀಸ್ ಹಾಡಿಗೆ ಮಾನ ಬಂದ ಕಾಲ

ಹಾಂಗ್‌ಕಾಂಗ್‌ನ ಬಹುಪಾಲು ಜನರ ಮನೆಮಾತು ಕ್ಯಾಂಟನೀಸ್. ಆದರೂ 1970ರ ದಶಕದ ಆರಂಭದವರೆಗೆ ಅಲ್ಲಿ ಇಂಗ್ಲಿಷ್ ಹಾಡುಗಳಿಗೆ, ಮ್ಯಾಂಡರಿನ್ ಹಾಡುಗಳಿಗೆ ಇದ್ದ ಮರ್ಯಾದೆ ಕ್ಯಾಂಟನೀಸ್ ಹಾಡಿಗೆ ಇರಲಿಲ್ಲ. 1974 ತಿರುವಿನ ವರ್ಷ. ಬ್ರಿಟಿಷ್ ಆಡಳಿತ ಚೀನೀ ಭಾಷೆಗೆ ಇಂಗ್ಲಿಷಿನ ಜೊತೆ ಅಧಿಕೃತ ಸ್ಥಾನ ಕೊಟ್ಟದ್ದು ಆ ವರ್ಷ. ಸ್ಯಾಮ್ ಹುಯಿ ಅವರ ಬೀದಿಮಾತಿನ ಹಾಡುಗಳು, ಜೋಸೆಫ್ ಕೂ ರಾಗ ಹಾಕಿದ ಟಿವಿ ಧಾರಾವಾಹಿಯ ಶೀರ್ಷಿಕೆಗೀತೆ ಮನೆಮನೆ ತಲುಪಿದ್ದೂ ಆಗಲೇ. ಮುಂದೆ ಕ್ಯಾಂಟೊಪಾಪ್ ಎಂದು ಹೆಸರಾದ ಈ ಸಂಗೀತ ಒಂದು ದಶಕದೊಳಗೆ ದೊಡ್ಡ ಉದ್ಯಮವಾಯಿತು.

1979ರಲ್ಲಿ ಜೇಮ್ಸ್ ವಾಂಗ್ ಬರೆದು, ಜೋಸೆಫ್ ಕೂ ರಾಗ ಹಾಕಿ, ರೋಮನ್ ಟಾಮ್ ಹಾಡಿದ ‘ಲಯನ್ ರಾಕ್ ಬೆಟ್ಟದ ಕೆಳಗೆ’ ಎಂಬ ಶೀರ್ಷಿಕೆಗೀತೆಯನ್ನು ಇಲ್ಲಿ ನೆನೆಯಬೇಕು. ಕಷ್ಟ ಹಂಚಿಕೊಂಡು, ಭಿನ್ನಾಭಿಪ್ರಾಯ ಬದಿಗಿಟ್ಟು ದುಡಿಯೋಣ ಎನ್ನುವ ಆ ಹಾಡನ್ನು 2002ರ ಬಜೆಟ್ ಭಾಷಣದಲ್ಲಿ ಹಾಂಗ್‌ಕಾಂಗ್‌ನ ಹಣಕಾಸು ಕಾರ್ಯದರ್ಶಿ ಉಲ್ಲೇಖಿಸಿದರು. ಅದೇ ವರ್ಷ ಅಲ್ಲಿಗೆ ಭೇಟಿಯಿತ್ತ ಚೀನಾದ ಪ್ರಧಾನಿ ಝು ರೊಂಗ್ಜಿ ಕೂಡ ಅದರ ಸಾಲುಗಳನ್ನು ನೆನೆದರು. ಹೀಗೆ ನಗರಕ್ಕೆ ಎರಡು ಅನಧಿಕೃತ ನಾಡಗೀತೆಗಳು ಬಂದವು. ಒಂದು ಅಧಿಕಾರದಲ್ಲಿದ್ದವರ ಬಾಯಲ್ಲಿ ಸಲೀಸಾಗಿ ಬರುವಂಥದ್ದು. ಇನ್ನೊಂದು ಬಿಯಾಂಡ್‌ನದು.

1980ರ ದಶಕದ ನಡುವೆ ಪ್ರೇಮಗೀತೆಗಳ ಮಾರುಕಟ್ಟೆಯಲ್ಲಿ ಬೇಸತ್ತ ಯುವಕರು ತಂಡ ಕಟ್ಟತೊಡಗಿದರು. ತಾತ್ ಮಿಂಗ್ ಪೇರ್, ತಾಯ್ ಚಿ, ಬಿಯಾಂಡ್ ಇವೆಲ್ಲ ಆ ಅಲೆಯಲ್ಲಿ ಬಂದವು. ರಾಜಕೀಯ ಹಿನ್ನೆಲೆಯೂ ಬಿಸಿಯಾಗಿತ್ತು. 1984ರ ಡಿಸೆಂಬರ್‌ನಲ್ಲಿ ಸಹಿಯಾದ ಚೀನಾ-ಬ್ರಿಟನ್ ಜಂಟಿ ಘೋಷಣೆಯ ಪ್ರಕಾರ 1997ರ ಜುಲೈ 1ಕ್ಕೆ ನಗರ ಚೀನಾಕ್ಕೆ ಮರಳಬೇಕಿತ್ತು. ಅಲ್ಲಿನ ಜನರನ್ನು ಯಾರೂ ಕೇಳಿರಲಿಲ್ಲ. ಕೈಲಾದವರು ಕೆನಡಾ, ಆಸ್ಟ್ರೇಲಿಯಾದ ಕಡೆ ಮುಖ ಮಾಡಿದರು. ಸಂಗೀತ ವಿದ್ವಾಂಸೆ ಜೊಆನ್ನಾ ಲೀ 1992ರಲ್ಲಿ ಪ್ರಕಟಿಸಿದ ಲೇಖನವೊಂದು ಈ ವಲಸೆಯ ಕುರಿತ ಕ್ಯಾಂಟನೀಸ್ ಹಾಡುಗಳನ್ನೇ ವಸ್ತುವಾಗಿಸಿಕೊಂಡಿದೆ. ನಗರದ ಆತಂಕ ಹಾಡಿನೊಳಗೆ ಎಷ್ಟು ಬೇಗ ಇಳಿದಿತ್ತೆಂಬುದಕ್ಕೆ ಅದೇ ಸಾಕ್ಷಿ.

ಬಿಯಾಂಡ್

ಕಾ-ಕುಯಿ ಹುಟ್ಟಿದ್ದು 1962ರ ಜೂನ್ 10ರಂದು. ಬೆಳೆದದ್ದು ಶಾಮ್ ಶುಯಿ ಪೊ ಪ್ರದೇಶದ ಸೋ ಉಕ್ ಎಂಬ ಸರ್ಕಾರಿ ವಸತಿ ಸಮುಚ್ಚಯದಲ್ಲಿ. ನೆರೆಮನೆಯವರು ಮನೆ ಬದಲಿಸುವಾಗ ಬಿಸಾಡಿದ ಹಳೆಯ ಗಿಟಾರ್ ಅವರ ಮೊದಲ ವಾದ್ಯ ಎಂದು ಅಭಿಮಾನಿಗಳೆಲ್ಲ ಹೇಳುತ್ತಾರೆ. 1983ರಲ್ಲಿ ಡ್ರಮ್ಮರ್ ಯಿಪ್ ಸಾಯ್-ವಿಂಗ್ ಜೊತೆ ತಂಡ ಕಟ್ಟಿದರು. ತಮ್ಮ ಕಾ-ಕ್ಯೂಂಗ್ ಬೇಸ್ ಗಿಟಾರ್ ಹಿಡಿದರು, ಪಾಲ್ ವಾಂಗ್ ಲೀಡ್ ಗಿಟಾರ್‌ಗೆ ಬಂದರು. 1985ರಲ್ಲಿ ಕೈಯಿಂದಲೇ ಹಣ ಹಾಕಿ ಸಭಾಂಗಣ ಬಾಡಿಗೆ ಹಿಡಿದು ಕಛೇರಿ ನಡೆಸಿದರು, ಮರುವರ್ಷ ತಾವೇ ಕ್ಯಾಸೆಟ್ ಹೊರತಂದರು. ದೊಡ್ಡ ಹೆಸರು ಬಂದದ್ದು 1988ರ ‘ದಾಯ್ ದೇಯ್’ (ನೆಲ) ಹಾಡಿನಿಂದ ಮತ್ತು 1989ರಲ್ಲಿ ತಾಯಿಯನ್ನು ಕುರಿತು ಹಾಡಿದ ಹಾಡಿನಿಂದ.

1988ರ ಅಕ್ಟೋಬರ್‌ನಲ್ಲಿ ತಂಡ ಬೀಜಿಂಗ್‌ನ ಕ್ಯಾಪಿಟಲ್ ಒಳಾಂಗಣ ಕ್ರೀಡಾಂಗಣದಲ್ಲಿ ಹಾಡಿತು. ಕ್ಯಾಂಟನೀಸ್ ಅರ್ಥವಾಗದ ಪ್ರೇಕ್ಷಕರಲ್ಲಿ ಅನೇಕರು ನಡುವೆಯೇ ಎದ್ದು ಹೋದರು. ಚೀನಾದ ರಾಕ್ ಸಂಗೀತದ ಆದ್ಯ ಹೆಸರಾದ ಸುಯ್ ಜಿಯಾನ್ ಅವರ ಹಾಡೊಂದನ್ನು ಕಾ-ಕುಯಿ ಅಂದು ಮ್ಯಾಂಡರಿನ್‌ನಲ್ಲಿ ಹಾಡಿದರು. ಮರುವರ್ಷ ತಿಯಾನನ್ಮೆನ್ ಚೌಕದಲ್ಲಿ ವಿದ್ಯಾರ್ಥಿಗಳು ಹಾಡಿದ್ದು ಅದೇ ಹಾಡು.

1990ರ ಫೆಬ್ರವರಿಯಲ್ಲಿ ನೆಲ್ಸನ್ ಮಂಡೇಲಾ ಸೆರೆಯಿಂದ ಹೊರಬಂದರು. ಆ ವರ್ಷವೇ ಮಂಡೇಲಾ ಅವರನ್ನು ಕುರಿತು ಕಾ-ಕುಯಿ ‘ಗ್ವೋಂಗ್ ಫಾಯ್ ಸೂಯ್ ಯೂತ್’ (ಉಜ್ವಲ ವರ್ಷಗಳು) ಎಂಬ ಹಾಡು ಬರೆದರು. 1991ರಲ್ಲಿ ಕೀನ್ಯಾಕ್ಕೆ ಹೋಗಿ ಬಂದು ಸ್ವಾಹಿಲಿ ಪದಗಳನ್ನು ಸೇರಿಸಿ ‘ಅಮಾನಿ’ ಹಾಡಿದರು. 1992ರ ‘ಮಹಾಗೋಡೆ’ ಚೀನಾದ ಇತಿಹಾಸದ ಆರಾಧನೆಯನ್ನು ನೇರವಾಗಿ ಪ್ರಶ್ನಿಸಿತು. ಪ್ರೇಮಗೀತೆಗಳಿಂದಲೇ ಹೊಟ್ಟೆ ಹೊರೆಯುತ್ತಿದ್ದ ಉದ್ಯಮದಲ್ಲಿ ಇಷ್ಟು ವಿಸ್ತಾರವಾದ ಲೋಕಪ್ರಜ್ಞೆ ಅಪರೂಪ. ಹಾಂಗ್‌ಕಾಂಗ್‌ನ ತಂಡಗಳನ್ನು ಕುರಿತು ವಿದ್ವಾಂಸ ಚು ಯಿಯು-ವಾಯ್ 2000ದಲ್ಲಿ ಪ್ರಕಟಿಸಿದ ಅಧ್ಯಯನ ಬಿಯಾಂಡ್‌ನ ಮಂಡೇಲಾ ಹಾಡಿನ ಹೆಸರನ್ನೇ ಶೀರ್ಷಿಕೆಯಾಗಿ ತೆಗೆದುಕೊಂಡಿದೆ.

ಟೋಕಿಯೊ, 1993

ಹಾಂಗ್‌ಕಾಂಗ್‌ನಲ್ಲಿ ಇರುವುದು ಮನರಂಜನೆಯ ದಂಧೆ, ಸಂಗೀತಲೋಕವಲ್ಲ ಎಂದು ಕಾ-ಕುಯಿ ಬಹಿರಂಗವಾಗಿಯೇ ಹೇಳುತ್ತಿದ್ದರು. 1992ರಲ್ಲಿ ತಂಡ ಜಪಾನಿನ ಸಂಸ್ಥೆಯೊಂದರ ಜೊತೆ ಒಪ್ಪಂದ ಮಾಡಿಕೊಂಡು ಟೋಕಿಯೊಗೆ ಹೋಯಿತು. ಭಾಷೆ ಬಾರದ ಊರು, ಸಂಗೀತಕ್ಕಿಂತ ಹೆಚ್ಚಾಗಿ ಟಿವಿ ಕಾರ್ಯಕ್ರಮಗಳಿಗೆ ಹೋಗಬೇಕಾದ ಒತ್ತಡ. ‘ಹೋಯ್ ಫುಟ್ ತಿನ್ ಹುಂಗ್’ ಈ ಒಂಟಿತನದ ಫಲ. ವಾದ್ಯ ಸಂಯೋಜನೆಯಲ್ಲಿ ತಂಡದ ಜೊತೆ ಜಪಾನ್‌ನಿವಾಸಿ ಕೊರಿಯನ್ ಮೂಲದ ಸಂಗೀತಗಾರ ಯಾಂಗ್ ಬಾಂಗ್-ಇಯಾನ್ ಕೈಜೋಡಿಸಿದ್ದರು. ಕಾ-ಕುಯಿ ಇದೇ ರಾಗವನ್ನು ಜಪಾನಿ ಸಾಹಿತ್ಯದಲ್ಲೂ ಹಾಡಿದರು. ಒಂದು ನಗರದ ಸ್ವಂತ ಗೀತೆ ಎನಿಸಿಕೊಂಡದ್ದು ಹುಟ್ಟಿದ್ದು ಪರದೇಶದಲ್ಲಿ, ಮೂರು ನಾಡಿನ ಕೈಗಳಿಂದ ಎಂಬುದನ್ನು ಮರೆಯುವಂತಿಲ್ಲ.

ಜೂನ್ 24ರ ಬೆಳಗಿನ ಜಾವ ಫುಜಿ ಟೆಲಿವಿಷನ್ನಿನ ಸ್ಟುಡಿಯೊದಲ್ಲಿ ಆಟದ ಕಾರ್ಯಕ್ರಮವೊಂದರ ಚಿತ್ರೀಕರಣ ನಡೆದಿತ್ತು. ನೆಲ ಜಾರುತ್ತಿತ್ತು. ಕಾ-ಕುಯಿ ಸುಮಾರು 3 ಮೀಟರ್ ಎತ್ತರದ ವೇದಿಕೆಯಿಂದ ಬಿದ್ದರು, ತಲೆಗೆ ಪೆಟ್ಟಾಯಿತು. ಆರು ದಿನ ಪ್ರಜ್ಞೆಯಿಲ್ಲದೆ ಮಲಗಿ ಜೂನ್ 30ರಂದು ತೀರಿಕೊಂಡರು. ವಯಸ್ಸು 31. ಜುಲೈ 5ರಂದು ಹಾಂಗ್‌ಕಾಂಗ್‌ನಲ್ಲಿ ಅಂತಿಮಯಾತ್ರೆ ನಡೆದಾಗ ಅಭಿಮಾನಿಗಳು ರಸ್ತೆ ತುಂಬಿದ್ದರು. ಸೆಂಗ್ ಕ್ವಾನ್ ಓ ಬೆಟ್ಟದ ಸ್ಮಶಾನದಲ್ಲಿರುವ ಸಮಾಧಿಗೆ ಅಭಿಮಾನಿಗಳು ಇಂದಿಗೂ ಜೂನ್ ತಿಂಗಳಲ್ಲಿ ಬರುತ್ತಾರೆ. ಉಳಿದ ಮೂವರು ತಂಡವನ್ನು ಮುಂದುವರಿಸಿ 2005ರಲ್ಲಿ ವಿಸರ್ಜಿಸಿದರು.

ಬೀದಿಗೆ ಬಂದ ಹಾಡು

ಹಾಡು ಒಮ್ಮೆಲೇ ರಾಜಕೀಯಕ್ಕೆ ಬರಲಿಲ್ಲ. 1989ರ ನಂತರ ತಿಯಾನನ್ಮೆನ್ ನೆನಪಿಗಾಗಿ ಹಾಂಗ್‌ಕಾಂಗ್‌ನ ವಿಕ್ಟೋರಿಯಾ ಪಾರ್ಕ್‌ನಲ್ಲಿ ಪ್ರತಿವರ್ಷ ಜೂನ್ 4ರಂದು ಮೇಣದಬತ್ತಿ ಹಿಡಿದು ಸೇರುತ್ತಿದ್ದವರಿಗೆ ‘ಸ್ವಾತಂತ್ರ್ಯದ ಹೂ’ ಮುಂತಾದ, ಚಳವಳಿಗೆಂದೇ ಪದ ಜೋಡಿಸಿದ ಹಾಡುಗಳಿದ್ದವು. ಬಿಯಾಂಡ್ ಹಾಡು ಬೆಳೆದದ್ದು ಬೇರೆ ದಾರಿಯಲ್ಲಿ: 1990ರ ದಶಕದಲ್ಲಿ ಹಾಂಗ್‌ಕಾಂಗ್‌ನ ಗಲ್ಲಿಗಲ್ಲಿಯಲ್ಲಿ ತೆರೆದ ಕರೋಕೆ ಕೋಣೆಗಳಲ್ಲಿ, ಶಾಲೆಯ ಬೀಳ್ಕೊಡುಗೆಗಳಲ್ಲಿ, ಗಿಟಾರ್ ಕಲಿಯುವ ಹುಡುಗರ ಕೈಯಲ್ಲಿ. ಮೆರವಣಿಗೆಗೆ ಬರುವ ಹೊತ್ತಿಗೆ ಅದು ಎಲ್ಲರಿಗೂ ಬಾಯಿಪಾಠವಾಗಿತ್ತು.

2014ರ ಆಗಸ್ಟ್ 31ರಂದು ಬೀಜಿಂಗ್ ಒಂದು ತೀರ್ಮಾನ ಪ್ರಕಟಿಸಿತು. 2017ರಲ್ಲಿ ಹಾಂಗ್‌ಕಾಂಗ್‌ನ ಮುಖ್ಯಾಡಳಿತಾಧಿಕಾರಿಯನ್ನು ಜನ ಮತ ಹಾಕಿ ಆರಿಸಬಹುದು, ಆದರೆ ನಾಮನಿರ್ದೇಶನ ಸಮಿತಿಯ ಅರ್ಧಕ್ಕಿಂತ ಹೆಚ್ಚು ಸದಸ್ಯರು ಒಪ್ಪಿದ ಎರಡು ಮೂರು ಮಂದಿಯಲ್ಲಿ ಒಬ್ಬರನ್ನು ಮಾತ್ರ. ಸೆಪ್ಟೆಂಬರ್ 26ರಂದು ವಿದ್ಯಾರ್ಥಿಗಳು ಸರ್ಕಾರಿ ಕಚೇರಿಯ ಅಂಗಳಕ್ಕೆ ನುಗ್ಗಿದರು. 28ರಂದು ಪೊಲೀಸರು 87 ಅಶ್ರುವಾಯು ಶೆಲ್‌ಗಳನ್ನು ಸಿಡಿಸಿದರು. ಮರುದಿನದ ಹೊತ್ತಿಗೆ ಆಡ್ಮಿರಾಲ್ಟಿ, ಕಾಸ್‌ವೇ ಬೇ, ಮೊಂಗ್ ಕಾಕ್ ಮೂರೂ ಕಡೆ ರಸ್ತೆಗಳು ಜನರ ವಶವಾಗಿದ್ದವು. ಪೆಪ್ಪರ್ ಸ್ಪ್ರೇ ಸಿಂಪಡಿಸುವ ಪೊಲೀಸರೆದುರು ಹಿಡಿದ ಕೊಡೆಗಳಿಂದ ಚಳವಳಿಗೆ ಕೊಡೆ ಚಳವಳಿ ಎಂಬ ಹೆಸರು ಬಂತು. ಅದು ಡಿಸೆಂಬರ್ 15ರವರೆಗೆ, 79 ದಿನ ನಡೆಯಿತು.

ಆಡ್ಮಿರಾಲ್ಟಿಯ ಹಾರ್ಕೋರ್ಟ್ ರಸ್ತೆ ಎಂಟು ಹತ್ತು ಸಾಲು ವಾಹನ ಓಡುವ ಹೆದ್ದಾರಿ. ಅಲ್ಲಿ ಡೇರೆಗಳೆದ್ದವು. ಹಲಗೆ ಜೋಡಿಸಿ ಮೇಜು ಮಾಡಿ, ದೀಪ ಕಟ್ಟಿ ವಿದ್ಯಾರ್ಥಿಗಳು ಶಾಲೆಯ ಪಾಠ ಓದುತ್ತಿದ್ದರು. ಸರ್ಕಾರಿ ಕಟ್ಟಡದ ಮೆಟ್ಟಿಲ ಗೋಡೆ ಬಣ್ಣದ ಚೀಟಿಗಳಿಂದ ತುಂಬಿ ‘ಲೆನನ್ ಗೋಡೆ’ ಎನಿಸಿಕೊಂಡಿತು. ರಾತ್ರಿ ಭಾಷಣ ಮುಗಿದ ಮೇಲೆ ಯಾರೋ ಗಿಟಾರ್ ಎತ್ತಿಕೊಂಡರೆ ಜನ ಮೊಬೈಲ್ ಬೆಳಕು ಮೇಲೆತ್ತಿ ಬಿಯಾಂಡ್ ಹಾಡಿಗೆ ದನಿ ಸೇರಿಸುತ್ತಿದ್ದರು. ಪಲ್ಲವಿ ಬಂದಾಗ ದನಿ ಹಿಗ್ಗುತ್ತಿತ್ತು.

ಪದದಲ್ಲೇ ಇದೆ ಎನ್ನುವವರು

ಮೊದಲ ಪಂಥ ಉತ್ತರವನ್ನು ಸಾಹಿತ್ಯದೊಳಗೆ ಹುಡುಕುತ್ತದೆ. ಇದರ ವಾದ ಸರಳ: ಹಾಡಿನಲ್ಲಿ ಸ್ವಾತಂತ್ರ್ಯ ಎಂಬ ಪದ ಇದೆ, ಅದು ರಾಗದ ಎತ್ತರದ ಜಾಗದಲ್ಲಿ ಬರುತ್ತದೆ, ಜನ ಅದಕ್ಕಾಗಿ ಹಾಡುತ್ತಾರೆ. ಈ ಪಂಥದ ಸೂಕ್ಷ್ಮ ಓದುಗರು ಇನ್ನೂ ಮುಂದೆ ಹೋಗುತ್ತಾರೆ. ಹಾಡು ಎದುರಾಳಿಯನ್ನು ಹೆಸರಿಸದ ಕಾರಣ ಯಾವ ಎದುರಾಳಿಯನ್ನಾದರೂ ಅಲ್ಲಿ ನಿಲ್ಲಿಸಬಹುದು. ಗೆಲುವಿನ ಭರವಸೆಯನ್ನೂ ಅದು ಕೊಡುವುದಿಲ್ಲ. ಎಂದಾದರೂ ಎಡವಿ ಬೀಳಬಹುದೆಂಬ ಭಯ, ಜೊತೆಗಿದ್ದವರು ಬಿಟ್ಟುಹೋಗಬಹುದೆಂಬ ಅಳುಕು ಪಲ್ಲವಿಯಲ್ಲೇ ಇವೆ. ಸೋಲು ಖಚಿತವೆಂದು ಬಲ್ಲ ಚಳವಳಿಗೆ ವೀರಾವೇಶದ ಗೀತೆಗಿಂತ ಇಂಥ ಹಾಡು ಹೆಚ್ಚು ಪ್ರಾಮಾಣಿಕವೆನಿಸುತ್ತದೆ.

ಈ ವಾದಕ್ಕೆ ಬಲ ಕೊಡುವ ಒಂದು ಹೋಲಿಕೆ ಈ ಹಾಡು ಇದ್ದ ಧ್ವನಿಸುರುಳಿಯಲ್ಲೇ ಇದೆ. ‘ಅಪ್ಪ ಅಮ್ಮ’ ಎಂಬ ಹಾಡು ಹಾಂಗ್‌ಕಾಂಗ್‌ಗಾಗಿ ಜಗಳವಾಡುತ್ತಿದ್ದ ಚೀನಾ ಮತ್ತು ಬ್ರಿಟನ್ನನ್ನು ಮಗುವಿನ ಕಣ್ಣಿನಿಂದ ಗೇಲಿ ಮಾಡುತ್ತದೆ. ರಾಜಕೀಯವಾಗಿ ಅದು ನೂರು ಪಾಲು ನೇರ. ಆದರೆ 1997 ದಾಟಿದೊಡನೆ ಅದು ಹಳತಾಯಿತು. ಹೆಸರು ಹೇಳದ ಹಾಡು ಉಳಿಯಿತು. ಆದರೂ ಪದಪಂಥ ಎಲ್ಲವನ್ನೂ ವಿವರಿಸುವುದಿಲ್ಲ. 1989ರ ಮೇ ತಿಂಗಳಲ್ಲಿ ಹಾಂಗ್‌ಕಾಂಗ್‌ನ ಕಲಾವಿದರು ಒಟ್ಟಾಗಿ ಹಾಡಿದ್ದ ಗೀತೆಯ ಹೆಸರೇ ‘ಸ್ವಾತಂತ್ರ್ಯಕ್ಕಾಗಿ’. 2014ರ ಬೀದಿಗಳಲ್ಲಿ ಅದಕ್ಕೆ ಈ ಸ್ಥಾನ ಸಿಗಲಿಲ್ಲ. ಪದ ಇದ್ದರೆ ಸಾಲದು ಎಂದಾಯಿತು.

ಸ್ವರ ಮತ್ತು ಲಿಪಿ

ಎರಡನೆಯ ಪಂಥ ಭಾಷೆಯನ್ನು ಹಿಡಿಯುತ್ತದೆ. ಹೆಚ್ಚು ಫಲ ಕೊಟ್ಟಿರುವುದು ಇದೇ, ಹಾಂಗ್‌ಕಾಂಗ್‌ನ ಹೊರಗಿನವರು ಕಡಿಮೆ ಗಮನಿಸಿರುವುದೂ ಇದನ್ನೇ.

ಕ್ಯಾಂಟನೀಸ್ ಸ್ವರಭಾಷೆ. ಅದರಲ್ಲಿ ಆರು ಸ್ವರಮಟ್ಟಗಳಿವೆ, ಹಳೆಯ ಲೆಕ್ಕದಲ್ಲಿ ಒಂಬತ್ತು. ಒಂದೇ ಉಚ್ಚಾರವನ್ನು ಎತ್ತರದಲ್ಲಿ ನುಡಿದರೆ ಒಂದರ್ಥ, ಇಳಿಸಿ ನುಡಿದರೆ ಬೇರೆ ಅರ್ಥ. ಕನ್ನಡದಲ್ಲಿ ಪದವೊಂದನ್ನು ಯಾವ ಸ್ವರದಲ್ಲಿ ಹಾಡಿದರೂ ಅರ್ಥ ಕೆಡುವುದಿಲ್ಲ. ಕ್ಯಾಂಟನೀಸ್‌ನಲ್ಲಿ ಕೆಡುತ್ತದೆ. ಹೀಗಾಗಿ ಅಲ್ಲಿ ಸಾಮಾನ್ಯವಾಗಿ ರಾಗ ಮೊದಲು ಬರುತ್ತದೆ, ಆಮೇಲೆ ರಾಗದ ಏರಿಳಿತಕ್ಕೆ ಹೊಂದುವ ಸ್ವರಮಟ್ಟದ ಪದಗಳನ್ನೇ ಆಯ್ದು ತುಂಬುತ್ತಾರೆ. ಭಾಷಾವಿಜ್ಞಾನಿ ಮಾರ್ಜೊರಿ ಚಾನ್ 1987ರಲ್ಲೇ ಈ ಹೊಂದಾಣಿಕೆಯನ್ನು ವಿಶ್ಲೇಷಿಸಿದ್ದರು. ಮ್ಯಾಂಡರಿನ್ ಜನಪ್ರಿಯ ಗೀತೆಗಳಲ್ಲಿ ಇಂಥ ಬಿಗಿಯಿಲ್ಲವೆಂಬುದನ್ನೂ ತೋರಿಸಿದರು. ಪ್ಯಾಟ್ರಿಕ್ ವಾಂಗ್ ಮತ್ತು ರ್‍ಯಾಂಡಿ ಡೀಲ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕ್ಯಾಂಟನೀಸ್ ಕೇಳುಗರು ಹಾಡಿನ ಸ್ವರಗಳ ಪರಸ್ಪರ ಎತ್ತರದಿಂದಲೇ ಪದ ಯಾವುದೆಂದು ಗುರುತಿಸುವುದು ಕಂಡುಬಂತು. ಅಂದರೆ ಒಳ್ಳೆಯ ಕ್ಯಾಂಟನೀಸ್ ಹಾಡಿನಲ್ಲಿ ಮಾತಿನ ಏರಿಳಿತ ಹಾಗೇ ಉಳಿದಿರುತ್ತದೆ. ಕಲಿತವರು ಹಾಡಿದರೂ ಕಲಿಯದವರು ಕೂಗಿದರೂ ಪದ ಸ್ಪಷ್ಟ. ಸಾವಿರಾರು ಜನ ಒಟ್ಟಿಗೆ ದನಿ ಎತ್ತಿದಾಗಲೂ ಸಾಲು ಕಲಸಿಹೋಗದೆ ಕೇಳಿಸುವುದಕ್ಕೆ ಇದು ಕಾರಣ. ಪಿಯಾನೊದಿಂದ ಮೆಲ್ಲಗೆ ಶುರುವಾಗಿ, ಡ್ರಮ್ಸ್ ಮತ್ತು ಗಿಟಾರ್ ಸೇರುತ್ತ ಪಲ್ಲವಿಯಲ್ಲಿ ತೆರೆದುಕೊಳ್ಳುವ ಹಾಡಿನ ಕಟ್ಟೂ ಗುಂಪುಗಾಯನಕ್ಕೆ ಹೇಳಿಮಾಡಿಸಿದಂತಿದೆ.

ಸ್ವರದ ಮಾತು ಹೀಗಾದರೆ ಲಿಪಿಯ ಮಾತು ಇದಕ್ಕೆ ತಿರುಗುಮುರುಗು. ಕ್ಯಾಂಟೊಪಾಪ್ ಸಾಹಿತ್ಯವನ್ನು ಸಾಮಾನ್ಯವಾಗಿ ಬರೆಯುವುದು ಆಡುಮಾತಿನಲ್ಲಲ್ಲ, ಚೀನಾದಾದ್ಯಂತ ಓದಬಲ್ಲ ಶಿಷ್ಟ ಬರಹದ ಚೀನೀಯಲ್ಲಿ. ಉಚ್ಚಾರ ಮಾತ್ರ ಕ್ಯಾಂಟನೀಸ್. ಕಿವಿಗೆ ಅದು ಹಾಂಗ್‌ಕಾಂಗ್‌ನ, ಗ್ವಾಂಗ್‌ಡಾಂಗ್‌ನ ಸ್ವಂತ ಹಾಡು. ಕಣ್ಣಿಗೆ ಎಲ್ಲ ಚೀನೀಯರದು. ಬೀಜಿಂಗ್‌ನ ಹುಡುಗನೊಬ್ಬ ಪದ ಓದಿ ಅರ್ಥ ಮಾಡಿಕೊಂಡು, ಕ್ಯಾಂಟನೀಸ್ ಉಚ್ಚಾರವನ್ನು ಅನುಕರಿಸಿ ಹಾಡಬಹುದು, ಹಾಡುತ್ತಾನೆ ಕೂಡ.

ಕ್ಯಾಂಟನೀಸ್ ಅಸ್ಮಿತೆಯ ಗುರುತಾದದ್ದು ಈ ಹಿನ್ನೆಲೆಯಲ್ಲಿ. 2010ರ ಜುಲೈನಲ್ಲಿ ಏಷ್ಯನ್ ಕ್ರೀಡಾಕೂಟಕ್ಕೆ ಸಜ್ಜಾಗುತ್ತಿದ್ದ ಗ್ವಾಂಗ್‌ಝೌನಲ್ಲಿ ಟಿವಿ ಪ್ರಸಾರವನ್ನು ಮ್ಯಾಂಡರಿನ್‌ಗೆ ಬದಲಿಸಬೇಕೆಂಬ ಪ್ರಸ್ತಾಪ ಬಂದಾಗ ಜನ ಬೀದಿಗಿಳಿದರು. ಚೀನಾದ ಒಳಗೇ ಕ್ಯಾಂಟನೀಸ್ ಪರವಾಗಿ ನಡೆದ ಆ ಪ್ರತಿಭಟನೆ ಭಾಷೆ ಎಷ್ಟು ಆಳದ ಸಂಗತಿಯೆಂದು ತೋರಿಸಿತು. ಆದರೆ ಭಾಷಾಪಂಥಕ್ಕೂ ಒಂದು ತೊಡಕಿದೆ. ಕ್ಯಾಂಟನೀಸ್ ಹಾಡುಗಳು ಸಾವಿರಾರು. ಇದೊಂದೇ ಏಕೆ ಎಂಬುದಕ್ಕೆ ಸ್ವರಮಟ್ಟದ ಲೆಕ್ಕದಿಂದ ಉತ್ತರ ಬರುವುದಿಲ್ಲ.

ಸಾವು ಮತ್ತು ನೆನಪು

ಮೂರನೆಯ ಪಂಥ ಹೇಳುವುದು ಕಾ-ಕುಯಿಯವರ ಸಾವನ್ನು. ಬೀಳುವ ಭಯವನ್ನು ಹಾಡಿದವರು ಹಾಡು ಹೊರಬಂದ ಕೆಲವೇ ವಾರಗಳಲ್ಲಿ ಬಿದ್ದು ತೀರಿಕೊಂಡರು. ಕೇಳುಗರಿಗೆ ಹಾಡು ಭವಿಷ್ಯವಾಣಿಯಂತೆ ಕೇಳಿಸತೊಡಗಿತು. 1997ರ ಮುಂಚೆಯೇ ನಿಂತುಹೋದ ಆ ದನಿಗೆ ಹಸ್ತಾಂತರದ ನಂತರದ ರಾಜಿಗಳ ಸೋಂಕು ತಗುಲಲಿಲ್ಲ. ಚೀನಾದ ಮಾರುಕಟ್ಟೆ ಬೇಕೆಂದರೆ ಮಾತು ತೂಗಬೇಕಾದ ಕಾಲ ಮುಂದೆ ಎಲ್ಲ ಕಲಾವಿದರಿಗೂ ಬಂತು. 31ಕ್ಕೇ ಹೋದವರಿಗೆ ಬರಲಿಲ್ಲ. ಕ್ಯಾಂಟೊಪಾಪ್‌ನ ಉದಯ ಮತ್ತು ಅವನತಿಯನ್ನು ಕುರಿತು ಜೇಮ್ಸ್ ವಾಂಗ್ 2003ರಲ್ಲಿ ಸಲ್ಲಿಸಿದ ಪಿಎಚ್.ಡಿ. ಪ್ರಬಂಧ 1997ಕ್ಕೆ ಗೆರೆ ಎಳೆಯುತ್ತದೆ. ಆ ಗೆರೆಯ ಹಿಂದಿನ ಹಾಡೆಲ್ಲ ನಂತರದವರಿಗೆ ಕಳೆದುಹೋದ ನಗರದ ಹಾಡು.

ಈ ವಿವರಣೆ ನಡುವಯಸ್ಸಿನವರ ಭಾವವನ್ನು ಚೆನ್ನಾಗಿ ಹಿಡಿಯುತ್ತದೆ. 2014ರಲ್ಲಿ 18 ವರ್ಷದವರಾಗಿದ್ದವರಿಗೆ ಮಾತ್ರ 1993ರ ನೆನಪೇ ಇಲ್ಲ. ಅವರಿಗೆ ಹಾಡು ಬಂದದ್ದು ಅಪ್ಪ, ಅಮ್ಮನ ಕ್ಯಾಸೆಟ್ಟಿನಿಂದ, ಕರೋಕೆ ಪರದೆಯಿಂದ. ಅವರು ಹಾಡುವಾಗ ದುಃಖಿಸಿದ್ದು ಕಾ-ಕುಯಿಗಾಗಿಯೋ ತಮ್ಮ ನಾಳೆಗಾಗಿಯೋ ಎಂದು ಕೇಳಿದರೆ ಎರಡನೆಯದೇ ಹೆಚ್ಚು ನಂಬಲರ್ಹ.

ಹಾಡಿದ್ದರಿಂದಲೇ ಗೀತೆಯಾಯಿತು

ಸಮಾಜಶಾಸ್ತ್ರಜ್ಞರ ಪಂಥ ಹಾಡಿನ ಒಳಗಿನದಕ್ಕಿಂತ ಅದರ ಬಳಕೆಯನ್ನು ನೋಡುತ್ತದೆ. ರಾನ್ ಐಯರ್‌ಮನ್ ಮತ್ತು ಆಂಡ್ರ್ಯೂ ಜೇಮಿಸನ್ 1998ರ ತಮ್ಮ ಪುಸ್ತಕದಲ್ಲಿ ಚಳವಳಿಗಳು ಹಳೆಯ ಹಾಡುಗಳನ್ನು ಎತ್ತಿಕೊಂಡು ಹೊಸ ಅರ್ಥ ತುಂಬುತ್ತವೆ, ಚಳವಳಿ ಸೋತ ಮೇಲೂ ಹಾಡು ಆ ನೆನಪನ್ನು ಹೊತ್ತು ಮುಂದೆ ಸಾಗುತ್ತದೆ ಎಂದು ವಾದಿಸಿದರು. ಕರ್ನಾಟಕದ ಶಾಲೆಗಳಲ್ಲೂ ಚಳವಳಿಗಳಲ್ಲೂ ಕನ್ನಡದಲ್ಲಿ ಹಾಡುವ ‘ವಿ ಶಲ್ ಓವರ್‌ಕಮ್’ ಹಾಗೆಯೇ ಬಂದದ್ದು: ಕರಿಯರ ಚರ್ಚಿನ ಹಾಡಿನಿಂದ ಕಾರ್ಮಿಕರ ಮುಷ್ಕರಕ್ಕೆ, ಅಲ್ಲಿಂದ ನಾಗರಿಕ ಹಕ್ಕುಗಳ ಹೋರಾಟಕ್ಕೆ.

2014ರಲ್ಲಿ ಹಾಡುಗಳಿಗೆ ಬರವಿರಲಿಲ್ಲ. ‘ಕೊಡೆ ಎತ್ತಿ ಹಿಡಿಯಿರಿ’ ಎಂಬ ಹೊಸ ಗೀತೆಯನ್ನು ಡೆನಿಸ್ ಹೊ, ಆಂಥನಿ ವಾಂಗ್ ಮತ್ತಿತರರು ಹಾಡಿದರು. ಫ್ರೆಂಚ್ ಕಾದಂಬರಿ ಆಧಾರಿತ ‘ಲೇ ಮಿಸರಾಬ್ಲ’ ಸಂಗೀತನಾಟಕದ ಹಾಡೊಂದಕ್ಕೂ ಕ್ಯಾಂಟನೀಸ್ ಸಾಹಿತ್ಯ ಬಂತು. ಮೊಂಗ್ ಕಾಕ್‌ನಲ್ಲಿ ಬೈಯಲು ಬಂದವರ ದನಿ ಅಡಗಿಸಲು ಹುಟ್ಟುಹಬ್ಬದ ಹಾಡನ್ನು ಹಾಡಿದ್ದೂ ಉಂಟು. ಇವುಗಳ ನಡುವೆ ಬಿಯಾಂಡ್ ಹಾಡಿಗೆ ಒಂದು ವಿಶೇಷ ಅನುಕೂಲವಿತ್ತು. ಒಬ್ಬ ನಾಯಕ, ಒಂದು ಪಕ್ಷ ಇಲ್ಲದ ಚಳವಳಿಯಲ್ಲಿ ಯಾರಿಗೂ ಸೇರದ ಹಾಡು ಎಲ್ಲರಿಗೂ ಸೇರಿತು. ವಿದ್ಯಾರ್ಥಿ ಸಂಘಗಳ ನಡುವೆ, ಹಿರಿಯ ಪ್ರಜಾಪ್ರಭುತ್ವವಾದಿಗಳ ನಡುವೆ ಎಷ್ಟೇ ತಕರಾರಿದ್ದರೂ ಈ ಹಾಡಿಗೆ ತಕರಾರು ಇರಲಿಲ್ಲ. ಬಳಕೆಯ ಪಂಥಕ್ಕೆ ಭಾಷಾಪಂಥವನ್ನು ಜೋಡಿಸಿದಾಗ ಸಿಗುವ ವಿವರಣೆಯೇ ಈವರೆಗಿನವುಗಳಲ್ಲಿ ಗಟ್ಟಿಯಾದುದು. ಎಲ್ಲರ ಬಾಯಲ್ಲಿ ಮೊದಲೇ ಕುಳಿತ, ಗುಂಪಿನಲ್ಲೂ ಪದ ಕೆಡದ ಹಾಡನ್ನು ಸರಿಯಾದ ಗಳಿಗೆಯಲ್ಲಿ ಜನ ಎತ್ತಿಕೊಂಡರು.

ಆಕ್ಷೇಪದ ದನಿಗಳು

ಹಾಡಿನ ಈ ಪಟ್ಟವನ್ನು ಒಪ್ಪದವರೂ ಇದ್ದಾರೆ. ಕೆಲವು ಸಂಗೀತ ವಿಮರ್ಶಕರಿಗೆ ಇದು ರಾಕ್ ಅಲ್ಲವೇ ಅಲ್ಲ, ಗಿಟಾರ್ ಹಾಕಿದ ಭಾವಗೀತೆ. ಬಿಯಾಂಡ್ ಕೂಡ ಮಾರುಕಟ್ಟೆಗೆ ಪ್ರೇಮಗೀತೆ ಕೊಟ್ಟಿತು, ಅದನ್ನು ಬಂಡಾಯದ ತಂಡವೆನ್ನುವುದು ಸಾವಿನ ನಂತರ ಕಟ್ಟಿದ ಕಥೆ ಎನ್ನುತ್ತಾರೆ ಅವರು. ರಾಜಕೀಯದ ಕಡೆಯಿಂದ ಬಂದ ಆಕ್ಷೇಪ ಇನ್ನೂ ಕಟು. 2014ರಲ್ಲೇ ಸ್ಥಳೀಯತಾವಾದಿ ಯುವಕರು ರಸ್ತೆಯಲ್ಲಿ ಕುಳಿತು ಹಾಡುವುದನ್ನು ಜಾತ್ರೆ ಎಂದು ಜರೆದರು. ಹಾಡಿದರೆ ಸರ್ಕಾರ ಬಗ್ಗುತ್ತದೆಯೇ ಎಂಬುದು ಅವರ ಪ್ರಶ್ನೆ. 79 ದಿನಗಳ ಕೊನೆಗೆ ಒಂದು ಬೇಡಿಕೆಯೂ ಈಡೇರದಿದ್ದಾಗ ಆ ಪ್ರಶ್ನೆಗೆ ತೂಕ ಬಂತು.

ಮೂರನೆಯ ಆಕ್ಷೇಪ ಚೀನಾದ ಕಡೆ ಬೆರಳು ತೋರಿಸುತ್ತದೆ. ಅಲ್ಲಿ ಇದು ಲಕ್ಷಾಂತರ ಜನರ ಮೆಚ್ಚಿನ ಹಾಡು. ಪ್ರತಿಭಾ ಸ್ಪರ್ಧೆಗಳಲ್ಲಿ, ಕಂಪನಿಗಳ ವಾರ್ಷಿಕ ಕೂಟಗಳಲ್ಲಿ ಹಾಡುತ್ತಾರೆ. ಅಲ್ಲಿ ಅದರ ಅರ್ಥ ಛಲ ಬಿಡದೆ ದುಡಿದು ಗೆಲ್ಲು ಎಂಬುದು. 2022ರಲ್ಲಿ ಹಸ್ತಾಂತರದ 25ನೇ ವರ್ಷಕ್ಕೆಂದು ಹುನಾನ್ ಟಿವಿ ಮತ್ತು ಹಾಂಗ್‌ಕಾಂಗ್‌ನ ಟಿವಿಬಿ ಜೊತೆಗೂಡಿ ಹಳೆಯ ಕ್ಯಾಂಟನೀಸ್ ಹಾಡುಗಳದೇ ಒಂದು ಸ್ಪರ್ಧಾ ಸರಣಿಯನ್ನು ನಡೆಸಿದವು. ಪ್ರತಿರೋಧದ ಗುರುತಾಗಿದ್ದ ಸಂಗೀತವನ್ನು ಐಕ್ಯದ ಗುರುತಾಗಿಯೂ ಮೆರೆಸಬಹುದೆಂದು ಅದು ತೋರಿಸಿತು.

2019ರ ನಂತರ

2019ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಮತ್ತೆ ಎದ್ದ ಹೋರಾಟಕ್ಕೆ ಬೇರೆ ಹಾಡು ಬೇಕಾಯಿತು. ಜೂನ್‌ನಲ್ಲಿ ಕ್ರೈಸ್ತ ಭಜನೆಯೊಂದು ಪೊಲೀಸರೆದುರು ದಿನಗಟ್ಟಲೆ ಮೊಳಗಿತು. ಆಗಸ್ಟ್ ಕೊನೆಗೆ ಹೆಸರು ಮರೆಸಿಕೊಂಡ ಸಂಗೀತಗಾರನೊಬ್ಬ ರಚಿಸಿದ ‘ಹಾಂಗ್‌ಕಾಂಗ್‌ಗೆ ಕೀರ್ತಿ’ ಹೊರಬಂತು, ಸೆಪ್ಟೆಂಬರ್‌ನಲ್ಲಿ ಅದನ್ನು ಮಾಲ್‌ಗಳಲ್ಲಿ ಸಾವಿರಾರು ಜನ ಹಾಡಿದರು. ಅದು ರಾಷ್ಟ್ರಗೀತೆಯ ನಡೆಯಲ್ಲಿದೆ, ಊರಿನ ಹೆಸರನ್ನು ಹೇಳುತ್ತದೆ, ಕ್ಷಮೆ ಕೇಳುವುದಿಲ್ಲ. 2022ರ ನವೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ರಗ್ಬಿ ಪಂದ್ಯವೊಂದರಲ್ಲಿ ಚೀನಾದ ರಾಷ್ಟ್ರಗೀತೆಯ ಬದಲು ತಪ್ಪಿ ಅದನ್ನೇ ನುಡಿಸಿದರು. 2020ರ ಜೂನ್ 30ರಂದು ಜಾರಿಯಾದ ರಾಷ್ಟ್ರೀಯ ಭದ್ರತಾ ಕಾನೂನಿನ ನಂತರ ಸರ್ಕಾರ ಅದರ ವಿರುದ್ಧ ಪ್ರತಿಬಂಧಕಾಜ್ಞೆ ಕೇಳಿತು. 2023ರ ಜುಲೈನಲ್ಲಿ ಹೈಕೋರ್ಟ್ ನಿರಾಕರಿಸಿತು, 2024ರ ಮೇ 8ರಂದು ಮೇಲ್ಮನವಿ ನ್ಯಾಯಾಲಯ ಒಪ್ಪಿತು. ಬಿಯಾಂಡ್ ಹಾಡಿನ ಮೇಲೆ ಅಂಥ ಆಜ್ಞೆಯಿಲ್ಲ. ಅದು ಇಂದಿಗೂ ಹಾಂಗ್‌ಕಾಂಗ್‌ನಲ್ಲೂ ಚೀನಾದಲ್ಲೂ ಸಿಗುತ್ತದೆ. ಹೆಸರು ಹೇಳಿದ ಹಾಡು ನ್ಯಾಯಾಲಯ ಕಂಡಿತು, ಹೇಳದ್ದು ಉಳಿಯಿತು.

ಇತ್ಯರ್ಥವಾಗದ ಪ್ರಶ್ನೆಗಳು

ಕಾ-ಕುಯಿಯವರ ಉದ್ದೇಶಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬಲ್ಲಿ ಒಮ್ಮತವಿಲ್ಲ. ಮಂಡೇಲಾ ಹಾಡನ್ನು, ‘ಮಹಾಗೋಡೆ’ಯನ್ನು ಮುಂದಿಟ್ಟು ಅವರು ಬದುಕಿದ್ದರೆ ಕೊಡೆಯ ಕೆಳಗೆ ಕುಳಿತಿರುತ್ತಿದ್ದರು ಎನ್ನುವವರಿದ್ದಾರೆ. ಸತ್ತವರ ಪರವಾಗಿ ಮತ ಚಲಾಯಿಸುವುದು ತರವಲ್ಲ ಎನ್ನುವವರೂ ಇದ್ದಾರೆ. ಹಾಡಿನ ಪಠ್ಯದಿಂದ ಇದನ್ನು ತೀರ್ಮಾನಿಸಲು ದಾರಿಯಿಲ್ಲ.

ಹಾಡುವುದರಿಂದ ಚಳವಳಿಗೆ ಬಲ ಬಂತೇ, ಅಥವಾ ಸಿಟ್ಟು ಹಾಡಿನಲ್ಲೇ ಇಳಿದುಹೋಯಿತೇ ಎಂಬುದೂ ತೆರೆದೇ ಇದೆ. ಸೋಲಿನ ನಂತರ ನೆನಪನ್ನು ಕಾಪಾಡಿದ್ದು ಹಾಡೇ ಎಂದು ಒಂದು ಕಡೆಯವರು, ಆ ನೆನಪಿಗಾಗಿ ತೆತ್ತ ಬೆಲೆ ಹೆಚ್ಚಾಯಿತು ಎಂದು ಇನ್ನೊಂದು ಕಡೆಯವರು.

ಒಂದೇ ಹಾಡನ್ನು ಎರಡು ಎದುರುಬದುರು ಅರ್ಥದಲ್ಲಿ ಹಾಡುವ ಚೀನಾ ಮತ್ತು ಹಾಂಗ್‌ಕಾಂಗ್‌ನ ಕೇಳುಗರಲ್ಲಿ ಯಾವ ಅರ್ಥ ಮೇಲುಗೈ ಪಡೆಯುತ್ತದೆ ಎಂಬುದು ಕಾನೂನಿನ ಜೊತೆಗೆ ಭಾಷೆಯ ಪ್ರಶ್ನೆಯೂ ಹೌದು. 1997ರ ನಂತರ ಹಾಂಗ್‌ಕಾಂಗ್‌ನ ಅನೇಕ ಶಾಲೆಗಳು ಚೀನೀ ಪಾಠವನ್ನು ಮ್ಯಾಂಡರಿನ್‌ನಲ್ಲಿ ಕಲಿಸತೊಡಗಿವೆ. ಇತ್ತ 2021ರ ಜನವರಿ ಕೊನೆಗೆ ಬ್ರಿಟನ್ ಹೊಸ ವೀಸಾ ತೆರೆದ ಮೇಲೆ ಲಕ್ಷಕ್ಕೂ ಹೆಚ್ಚು ಹಾಂಗ್‌ಕಾಂಗಿಗರು ಅಲ್ಲಿಗೆ ಹೋಗಿ ನೆಲೆಸಿದ್ದಾರೆ. ಅವರ ಮಕ್ಕಳು ಬೆಳೆಯುತ್ತಿರುವುದು ಇಂಗ್ಲಿಷಿನಲ್ಲಿ. ಸ್ವರಮಟ್ಟ ಕಿವಿಗೆ ಹತ್ತದ ಪೀಳಿಗೆಗೆ ಈ ಹಾಡು ಏನಾಗಿ ಉಳಿಯುತ್ತದೆ ಎಂಬುದನ್ನು ಅಳೆಯುವ ಕೆಲಸ ಭಾಷಾವಿಜ್ಞಾನಿಗಳ ಮುಂದೂ ಸಮಾಜಶಾಸ್ತ್ರಜ್ಞರ ಮುಂದೂ ಇದೆ.